ತಾಟೆಯ ಬೆನ್ನು ಹತ್ತಿ

ಶಾರ್ಕ್ ಸಾಕ್ಷ್ಯಚಿತ್ರ ಯಾವುದೇ ಇರಲಿ, ಮೊದಲ ಸಲ ನಾನು ಸದ್ದಡಗಿಸಿಯೇ ನೋಡುವುದು. ಸಿಕಂದರಾಬಾದಿನ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಟಿ.ವಿ. ಮುಂದೆ ಕೂರುತ್ತೇನೆ. ನಿರೂಪಣೆ, ಸಂಗೀತ ಎರಡೂ ಇಲ್ಲದಾಗ ಕಣ್ಣು ಪ್ರಾಣಿಯ ಮೇಲೆಯೇ ನಿಲ್ಲುತ್ತದೆ. ಬಾಲದ ಒಂದು ಬೀಸಿನಲ್ಲಿ ಅದು ಎಷ್ಟು ದೂರ ಸಾಗುತ್ತದೆ, ತಿರುಗುವ ಮೊದಲು ಎದೆಯ ಈಜುರೆಕ್ಕೆಯನ್ನು ಹೇಗೆ ತುಸುವೇ ಬಾಗಿಸುತ್ತದೆ, ಕಿವಿರಿನ ಸೀಳುಗಳು ಯಾವ ಲಯದಲ್ಲಿ ಮಿಡಿಯುತ್ತವೆ, ಎಲ್ಲ ಕಾಣುತ್ತದೆ. ಬಿಬಿಸಿಯ 2017ರ ‘ಬ್ಲೂ ಪ್ಲಾನೆಟ್ 2’ರಲ್ಲಿ, ಕಡಲಾಳಕ್ಕೆ ಬಿದ್ದ ತಿಮಿಂಗಿಲದ ಹೆಣಕ್ಕೆ ಆರು ಕಿವಿರುಸೀಳಿನ ಶಾರ್ಕುಗಳು ಕತ್ತಲೆಯೊಳಗಿಂದ ಬರುವ ಭಾಗವನ್ನು ಹೀಗೆ ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ.

ಸದ್ದು ಹಾಕಿದೊಡನೆ ಅದೇ ಜೀವ ಕೊಲೆಗಡುಕನಾಗುತ್ತದೆ. 1975ರ ‘ಜಾಸ್’ ಸಿನಿಮಾಕ್ಕೆ ಜಾನ್ ವಿಲಿಯಮ್ಸ್ ಹಾಕಿದ ಎರಡು ಸ್ವರಗಳು ಇಂದಿಗೂ ಶಾರ್ಕಿನ ಬೆನ್ನು ಬಿಟ್ಟಿಲ್ಲ. ಅಮೆರಿಕದ ಸಂಶೋಧಕರು ಶಾರ್ಕ್ ಈಜುವ ಒಂದೇ ದೃಶ್ಯವನ್ನು ಕೆಲವರಿಗೆ ಭಯದ ಸಂಗೀತದೊಂದಿಗೆ, ಕೆಲವರಿಗೆ ಉಲ್ಲಾಸದ ಸಂಗೀತದೊಂದಿಗೆ, ಇನ್ನು ಕೆಲವರಿಗೆ ಸದ್ದಿಲ್ಲದೆ ತೋರಿಸಿದರು. ಭಯದ ಸಂಗೀತ ಕೇಳಿದವರಿಗೇ ಶಾರ್ಕ್ ಹೆಚ್ಚು ಕೆಟ್ಟದಾಗಿ ಕಂಡಿತು. 2016ರಲ್ಲಿ ಪ್ರಕಟವಾದ ಆ ಅಧ್ಯಯನ ಓದಿದ ಮೇಲೆ ನನ್ನ ಕ್ರಮ ಇನ್ನೂ ಗಟ್ಟಿಯಾಯಿತು.

ನಮ್ಮ ಊರಿನ ಶಾರ್ಕ್ ಮಂಜುಗಡ್ಡೆಯ ಮೇಲೆ ಸಿಗುತ್ತದೆ. ಮುಶೀರಾಬಾದಿನ ಮೀನು ಮಾರುಕಟ್ಟೆಯಲ್ಲಿ ಭಾನುವಾರ ಬೆಳಿಗ್ಗೆ ಕೈಯುದ್ದದ ಸೊರ, ಅಂದರೆ ಶಾರ್ಕ್, ಕಂಡರೆ ನಿಂತುಬಿಡುತ್ತೇನೆ. ಬಾಲದಿಂದ ತಲೆಯ ಕಡೆಗೆ ಬೆರಳಾಡಿಸಿದರೆ ಮರಳುಕಾಗದದ ಹಾಗೆ ತರಚುತ್ತದೆ. ಚರ್ಮದ ತುಂಬ ಇರುವುದು ಹಲ್ಲಿನಂಥದೇ ಸಣ್ಣ ಚಿಪ್ಪುಗಳು. “ಬಾಲಿಂತಕು ಮಂಚಿದಮ್ಮಾ” ಎನ್ನುತ್ತಾಳೆ ಮಾರುವವಳು. ಬಾಣಂತಿಗೆ ಹಾಲು ಹೆಚ್ಚುತ್ತದೆಂಬ ಈ ನಂಬಿಕೆ ಎಷ್ಟು ಹಬ್ಬಿದೆಯೆಂದರೆ, ಒಂದು ಜಾತಿಗೆ ಇಂಗ್ಲಿಷಿನಲ್ಲೂ ಮಿಲ್ಕ್ ಶಾರ್ಕ್ ಎಂದೇ ಹೆಸರು. ಇನ್ನೊಂದು ಸಣ್ಣ ಜಾತಿಯಾದ ಸ್ಕಾಲಿಯೋಡಾನ್ ಅನ್ನು ನಮ್ಮ ದೇಶದ ಎಷ್ಟೋ ತಲೆಮಾರಿನ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಪ್ರಯೋಗಶಾಲೆಯ ಮೇಜಿನ ಮೇಲೆ ಕೊಯ್ದು ಕಲಿತಿದ್ದಾರೆ. ಸಾಸಿವೆಗಿಂತ ದೊಡ್ಡದಲ್ಲದ ಮೊಟ್ಟೆಯಿಂದ ಹುಟ್ಟುವ ಅದರ ಮರಿ ತಾಯಿಯ ಹೊಟ್ಟೆಯೊಳಗೆ ಹೊಕ್ಕುಳಬಳ್ಳಿಗೆ ಅಂಟಿಕೊಂಡೇ ಬೆಳೆಯುತ್ತದೆ. ಇದನ್ನು ತೋರಿಸುವ ಚಿತ್ರಕ್ಕಾಗಿ ನಾನು ಕಾಯುತ್ತಲೇ ಇದ್ದೇನೆ.

ಕರಾವಳಿಯಲ್ಲಿ ತಾಟೆ ಎನ್ನುವ ಶಾರ್ಕನ್ನು ನಾನು ಜೀವಂತವಾಗಿ ಕಂಡದ್ದು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಅಲ್ಲಿ ಮುಳುಗಲು ಬಿಡುತ್ತಾರೆ. ಜೊತೆಯಲ್ಲಿ ಇಳಿದವರು ಬೆರಳು ಮಾಡಿದ ಕಡೆ ಬಂಡೆಯ ಸಂದಿಯಲ್ಲಿ ತೋಳುದ್ದದ ಬಿದಿರು ಶಾರ್ಕ್ ಮಲಗಿತ್ತು. ಮೂತಿಯ ಬಳಿ ಎರಡು ಸಣ್ಣ ಮೀಸೆ. ಈಜುತ್ತಲೇ ಇರದಿದ್ದರೆ ಉಸಿರು ಕಟ್ಟುವ ದೊಡ್ಡ ಶಾರ್ಕುಗಳ ಕಥೆಯನ್ನೇ ಟಿ.ವಿ.ಯಲ್ಲಿ ಕೇಳಿದ್ದೆ, ಇದು ಬಾಯಿಂದ ನೀರೆಳೆದು ಕಿವಿರಿನತ್ತ ದಬ್ಬುತ್ತ ತಣ್ಣಗೆ ಬಿದ್ದುಕೊಂಡಿತ್ತು. ಹಗಲೆಲ್ಲ ಹೀಗೆ ಅಡಗಿದ್ದು ರಾತ್ರಿ ಏಡಿ, ಸಿಗಡಿ ಹುಡುಕುವ ಜೀವ. ಮೈ ನಡುಗಿಸುವಂಥದ್ದೇನೂ ಅಲ್ಲಿರಲಿಲ್ಲ. ಸದ್ದಡಗಿಸಿ ಟಿ.ವಿ. ನೋಡಿದ ರಾತ್ರಿಗಳು ಕಲಿಸಿದ ಹಾಗೆ ನಾನು ಅದರ ಕಿವಿರನ್ನೇ ನೋಡುತ್ತ ಉಳಿದೆ. ಅಷ್ಟು ಸಂತೋಷ ನನಗೆ ಬೇರೆ ಯಾವ ನೀರೂ ಕೊಟ್ಟಿಲ್ಲ.

ಚಿತ್ರಗಳು ಭಯ ಹುಟ್ಟಿಸುವುದಷ್ಟೇ ಅಲ್ಲ, ಚಿತ್ರವೊಂದು ಕಾನೂನನ್ನೇ ಬದಲಿಸಿದ ನಿದರ್ಶನ ನಮ್ಮ ದೇಶದ್ದೇ ಇದೆ. ಗುಜರಾತಿನ ಕಡಲತಡಿಯಲ್ಲಿ ತಿಮಿಂಗಿಲ ಶಾರ್ಕುಗಳನ್ನು ಕೊಲ್ಲುವುದನ್ನು ಮೈಕ್ ಪಾಂಡೆ ‘ಶೋರ್ಸ್ ಆಫ್ ಸೈಲೆನ್ಸ್’ನಲ್ಲಿ ತೋರಿಸಿದರು, 2001ರಲ್ಲಿ ಆ ಮೀನಿಗೆ ಹುಲಿಗಿರುವಷ್ಟೇ ರಕ್ಷಣೆ ಸಿಕ್ಕಿತು. ಮುಂದೆ ಅದೇ ಮೀನುಗಾರರು ಬಲೆ ಕೊಯ್ದು ಅದನ್ನು ಕಡಲಿಗೆ ಬಿಡತೊಡಗಿದರು. 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತಿಗೂ ನಿಷೇಧ ಬಂತು. ಆದರೆ ತಾಟೆ ಬಂಗುಡೆಯಂತೆ ಸಾವಿರಗಟ್ಟಲೆ ಮೊಟ್ಟೆ ಇಡುವುದಿಲ್ಲ, ಹೆಚ್ಚಿನ ಜಾತಿಗಳು ಹಾಕುವುದು ಕೆಲವೇ ಮರಿ. ಟ್ರಾಲ್ ಬಲೆ ದೊಡ್ಡದು ಸಣ್ಣದು ನೋಡುವುದಿಲ್ಲ. ಕ್ಯಾಮೆರಾ ಹಿಡಿಯಲು ಬಲ್ಲ ಕರಾವಳಿಯ ಹುಡುಗ ಹುಡುಗಿಯರೇ, ದೂರದ ಬಿಳಿ ಶಾರ್ಕಿನ ಚಿತ್ರ ತೆಗೆಯಲು ಬೇಕಾದಷ್ಟು ಜನರಿದ್ದಾರೆ. ನೀವು ಮಲ್ಪೆ, ಮಂಗಳೂರಿನ ಬಂದರಿಗೆ ಬಂದಿಳಿಯುವ ತಾಟೆಯ ಬದುಕನ್ನು ಕನ್ನಡದಲ್ಲಿ ತೋರಿಸಿ.