ನಾವು ಎಂದರೆ ಯಾರ್ಯಾರು?

ಕತೆ ಕಟ್ಟುವ ತಂತ್ರದ ಮಾತು ಬಂದಾಗಲೆಲ್ಲ ಆರಂಭ, ತಿರುವು, ಸಂಭಾಷಣೆಗಳೇ ಮುಂದೆ ಬರುತ್ತವೆ. ಕ್ರಿಯಾಪದದ ತುದಿಯನ್ನು ಯಾರೂ ನೋಡುವುದಿಲ್ಲ. ನನ್ನ ಪಿಎಚ್‌.ಡಿ. ಕೆಲಸ ಕನ್ನಡ ಕತೆಗಳ ನಿರೂಪಕರ ಮೇಲೆ. ನಾಲ್ಕು ವರ್ಷದ ಓದಿನಲ್ಲಿ ನನಗೆ ಕಂಡದ್ದು, ನಿರೂಪಕ ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲೇ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನೋಡಿ. ಕಾಫಿ ಹೌಸಿನಲ್ಲಿ ಕೂತು ಮನೆಯ ಕತೆ ಹೇಳುವವನಿಗೆ ಹೆಸರೇ ಇಲ್ಲ. ದುಡಿಯುವವನು ಚಿಕ್ಕಪ್ಪ, ಅವನ ಮಸಾಲೆ ವ್ಯಾಪಾರದ ಹಣದಲ್ಲಿ ಉಳಿದವರ ಬದುಕು. ಅವನ ನೆಮ್ಮದಿ ಕೆಡದಂತೆ ನೋಡಿಕೊಳ್ಳುವುದೇ ಎಲ್ಲರ ಕೆಲಸ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸೊಬ್ಬಳನ್ನು ಮನೆಯವರು ಬೈದು ಅಟ್ಟುತ್ತಾರೆ. ನಿರೂಪಕ ತಡೆಯುವುದಿಲ್ಲ. ಲೇಖಕರು ಅವನನ್ನು ಖಂಡಿಸುವ ಗೋಜಿಗೂ ಹೋಗುವುದಿಲ್ಲ. ‘ನಾವು’ ಎಂಬ ಬೆಚ್ಚನೆಯ ಮಾತಿನೊಳಗೆ ಅವನನ್ನು ಕೂರಿಸಿ, ನೋಡುವುದನ್ನು ನಮಗೇ ಬಿಡುತ್ತಾರೆ.

ತಮಿಳಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ ‘ನಾಮ್’, ಬಿಟ್ಟರೆ ‘ನಾಂಗಳ್’. ತೆಲುಗಿನಲ್ಲಿ ‘ಮನಂ’ ಮತ್ತು ‘ಮೇಮು’. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಅದನ್ನು ಬಾಯಿಬಿಟ್ಟು ಹೇಳದಿದ್ದರೂ ಕ್ರಿಯಾಪದದ ಕೊನೆಯ ‘ಎವು’ ಆ ಕೆಲಸ ಮಾಡುತ್ತದೆ. ಓದುಗರು ಒಳಗೋ ಹೊರಗೋ ಎಂಬುದು ತೀರ್ಮಾನವಾಗದೆ ಉಳಿಯುತ್ತದೆ. ಕತೆಗಾರರಿಗೆ ಇದಕ್ಕಿಂತ ಒಳ್ಳೆಯ ಸಲಕರಣೆ ಇನ್ನೇನು ಬೇಕು? ಓದುತ್ತ ಓದುತ್ತ ಆ ಮನೆಯವರ ಜೊತೆ ನಾವೂ ಸುಮ್ಮನೆ ಕೂತಿರುತ್ತೇವೆ.

ನನ್ನ ಮಟ್ಟಿಗೆ ಇದು ಪ್ರಬಂಧದ ಒಂದು ಅಧ್ಯಾಯವಾಗಿಯಷ್ಟೇ ಉಳಿದಿಲ್ಲ. ಮನೆಯ ತೋಟದಲ್ಲಿ ತನಗೆ ಪಾಲು ಬೇಡವೆಂದು ಸೋದರತ್ತೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಾಗ ನನಗೆ ಒಂಬತ್ತು ವರ್ಷ. ಈಗ ಅದನ್ನೇ ಕತೆ ಮಾಡಲು ಕೂತಿದ್ದೇನೆ. ‘ಅತ್ತೆ ಸಹಿ ಹಾಕಿದಳು’ ಎಂದು ಬರೆದರೆ ಅದು ಅವಳ ದೊಡ್ಡ ಮನಸ್ಸು. ‘ಅತ್ತೆಯ ಸಹಿ ಆಯಿತು’ ಎಂದರೆ ಯಾರೂ ಏನೂ ಮಾಡಿದಂತಿಲ್ಲ. ‘ಅಪ್ಪ ಸಹಿ ಹಾಕಿಸಿಕೊಂಡ’ ಎಂದರೆ ಕತೆ ದೂರಿನ ಅರ್ಜಿಯಾಗುತ್ತದೆ. ‘ಸಹಿ ಹಾಕಿಸಿಕೊಂಡೆವು’ ಎಂದಾಗ ಮಾತ್ರ, ಅದೇ ತೋಟದ ಅಡಿಕೆ ದುಡ್ಡಿನಲ್ಲಿ ಓದಿದ ನಾನೂ ವಾಕ್ಯದೊಳಕ್ಕೆ ಬರುತ್ತೇನೆ.

ನಾಲ್ಕನೆಯದನ್ನು ಉಳಿಸಿಕೊಂಡಿದ್ದೇನೆ. ಅಪ್ಪನಿಗೆ ಇದು ಹಿಡಿಸುವುದಿಲ್ಲ ಎಂಬುದು ಗೊತ್ತಿದೆ. ಅತ್ತೆ ಮಾತ್ರ ಕೈಗೆ ಸಿಕ್ಕ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವವಳು. ಆ ‘ವು’ ಅವಳ ಕಣ್ಣಿಗೆ ಬೀಳಲಿ ಎಂದೇ ಬರೆಯುತ್ತಿದ್ದೇನೆ.