ಖಾಲಾ ಅವರ ರಿಪೋರ್ಟ್

ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಲು ಬರುವವಳು ನಾನೊಬ್ಬಳೇ. ಬ್ಯಾಂಕಿನ ಪತ್ರ, ರೇಷನ್ ಕಾರ್ಡಿನ ಅರ್ಜಿ ಎಲ್ಲ ನನ್ನ ಕೈಗೇ ಬರುತ್ತವೆ. ಹೋದ ವರ್ಷ ಖಾಲಾ ಅವರ ಎಂಆರ್‌ಐ ರಿಪೋರ್ಟೂ ಬಂತು.

ಖಾಲಾ ಎಂದರೆ ನಮ್ಮ ಅಮ್ಮಿಯ ಅಕ್ಕ. ಸ್ತನದಲ್ಲಿ ಗಂಟಾದದ್ದನ್ನು ಐದು ತಿಂಗಳು ಯಾರಿಗೂ ಹೇಳಿರಲಿಲ್ಲ. ಆ ಜಾಗದ ಹೆಸರನ್ನೇ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಡಾಕ್ಟರ್, ಆಪರೇಷನ್‌ಗೆ ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸೋಣ ಎಂದರು. ಮೂರು ಕೀಮೋ ಆಯಿತು. ಕೂದಲು ಹೋಯಿತು, ಒಗ್ಗರಣೆ ವಾಸನೆಗೇ ವಾಂತಿ. ಒಂದು ರಾತ್ರಿ ಖಾಲಾ ತಾವೇ ಮುಟ್ಟಿ ನೋಡಿಕೊಂಡು, "ಗಾಂಠ್ ವೈಸಿಚ್ ಹೈ" ಎಂದರು. ಗಂಟು ಹಾಗೇ ಇದೆ, ಇನ್ನು ಕೀಮೋ ಬೇಡ ಎಂದು ಹಟ ಹಿಡಿದರು.

ಅದೇ ವಾರ ಎರಡನೇ ಎಂಆರ್‌ಐ ಆಯಿತು. ಗಂಟು 3.8 ಸೆಂ.ಮೀ. ಇದ್ದದ್ದು 3.6 ಆಗಿತ್ತು, ಅಷ್ಟೇ. ಕೆಳಗೆ ಎಡಿಸಿ ಎಂಬ ಇನ್ನೊಂದು ಲೆಕ್ಕ: 0.9 ಇದ್ದದ್ದು 1.4. ಕ್ಯಾನ್ಸರ್‌ನಲ್ಲಿ ಏರಿದ್ದೆಲ್ಲ ಕೆಟ್ಟದ್ದೇ ಎಂದುಕೊಂಡು ಆ ಸಾಲನ್ನು ಮನೆಯಲ್ಲಿ ಓದಲೇ ಇಲ್ಲ. ಬಚ್ಚಿಟ್ಟೆ ಎಂದೇ ಹೇಳಬೇಕು.

ಮರುದಿನ ಡಾಕ್ಟರ್ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿ ಬಿಡಿಸಿ ಹೇಳಿದರು. ಡಿಫ್ಯೂಷನ್ ಎಂಆರ್‌ಐ ಗಂಟಿನೊಳಗಿನ ನೀರಿನ ಅಣುಗಳ ಓಡಾಟವನ್ನು ಅಳೆಯುತ್ತದೆ. ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ತುಂಬಿದ್ದರೆ ನೀರಿಗೆ ಅಲುಗಾಡಲು ಜಾಗವಿರುವುದಿಲ್ಲ. ಚಿತ್ರ ಬೆಳ್ಳಗೆ ಹೊಳೆಯುತ್ತದೆ, ಎಡಿಸಿ ಕಡಿಮೆ ಬರುತ್ತದೆ. ಔಷಧ ತಾಗಿ ಕೋಶಗಳು ಸತ್ತರೆ ನೀರು ಸಲೀಸಾಗಿ ಓಡಾಡುತ್ತದೆ, ಎಡಿಸಿ ಏರುತ್ತದೆ. ಗಂಟು ಕುಗ್ಗುವ ಮೊದಲೇ ಇದು ಕಾಣಬಹುದು. ಇದಕ್ಕೆ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಿಲ್ಲ. ಶುಗರ್‌ನಿಂದ ಖಾಲಾ ಅವರ ಕಿಡ್ನಿ ಸೋತಿದೆ, ಹಾಗಾಗಿ ನಮಗೆ ಅದು ದೊಡ್ಡ ಅನುಕೂಲವೇ.

ಏರಿತು ಎಂದ ಮಾತ್ರಕ್ಕೆ ಗುಣವಾಯಿತು ಎಂದಲ್ಲ, ಔಷಧ ಕೆಲಸ ಮಾಡುತ್ತಿರುವ ಲಕ್ಷಣ ಎಂದೂ ಹೇಳಿದರು. ಹೊಳಪನ್ನೊಂದೇ ನಂಬುವಂತೆಯೂ ಇಲ್ಲ. ಕಂಕುಳಿನ ಆರೋಗ್ಯವಂತ ದುಗ್ಧಗ್ರಂಥಿಯೂ ಈ ಚಿತ್ರದಲ್ಲಿ ಹೊಳೆಯುತ್ತದಂತೆ. ಅದಕ್ಕೇ ಮೊದಲ ಸ್ಕ್ಯಾನ್ ಆದಾಗ ಅಲ್ಲಿ ಸೂಜಿ ಪರೀಕ್ಷೆ ಮಾಡಿಸಿದ್ದರು. ಒಂದು ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಿತ್ತು.

ನಮ್ಮ ಅಕೌಂಟೆನ್ಸಿಯಲ್ಲಿ ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಪಕ್ಕಪಕ್ಕ ಇಟ್ಟು ನೋಡುತ್ತೇವಲ್ಲ, ನನಗೆ ಅದೇ ನೆನಪಾಯಿತು. ಏರಿದ್ದು ಲಾಭವೋ ನಷ್ಟವೋ ತಿಳಿಯಲು ಅದು ಯಾವ ಖಾತೆ ಎಂದು ಗೊತ್ತಿರಬೇಕು. ನಾನು ಖಾತೆ ನೋಡದೆ ಹೆದರಿದ್ದೆ.

ಖಾಲಾಗೆ ಇದನ್ನೆಲ್ಲ ಉರ್ದುವಿನಲ್ಲಿ ಹೇಳುವುದು ಹೇಗೆ? ಡಿಫ್ಯೂಷನ್‌ಗೆ ನನ್ನ ಬಳಿ ಪದವಿಲ್ಲ. ಕೊನೆಗೆ ಉರುಸಿನ ಜನಜಂಗುಳಿ ನೆನಪಿಸಿದೆ. ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಜನ ಕರಗಿದಂತೆ ನಡೆಯಲು ಆಗುತ್ತದೆ. ಗಂಟಿನೊಳಗೆ ಈಗ ಗುಂಪು ಕರಗುತ್ತಿದೆ, ಮೈದಾನ ಮಾತ್ರ ಅಷ್ಟೇ ಇದೆ ಎಂದೆ. ಬಚ್ಚಿಟ್ಟ ಸಾಲನ್ನೂ ಓದಿದೆ, ನಿನ್ನೆ ಯಾಕೆ ಓದಲಿಲ್ಲ ಎಂದೂ ಹೇಳಿದೆ.

ಖಾಲಾ ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಅಂದರೆ ನನ್ನ ಕೈಗೆ ಅದು ಗೊತ್ತಾಗುವುದಿಲ್ಲ" ಎಂದರು. ನಾಲ್ಕನೇ ಕೀಮೋಗೆ ತಾವೇ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಮುಂದಿನ ಎಂಆರ್‌ಐ ನನ್ನ ಪ್ರಿಪರೇಟರಿ ಪರೀಕ್ಷೆ ಮುಗಿದ ವಾರ ಇತ್ತು. ಬಳೆ, ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋಗುವಾಗ ತಿರುಗಿ ನೋಡಿ, "ಈ ಸಲ ಎಲ್ಲ ಸಾಲೂ ಓದು" ಎಂದರು.