ಕಾರಿನ ಎಂಜಿನ್ ಲೈಟು, ಕೋಡು ಓದೋ ಡಬ್ಬಿ, ಮತ್ತೊಂದು ಇಲಿ

ಮೂರ್ನಾಲ್ಕು ವಾರದಿಂದ ತೆಂಗು, ಬಿಳಿನೊಣ, ರಾಗಿ ಅಂತಲೇ ಬರೀತಿದ್ದೆ. ಇವತ್ತು ಕಾರಿನ ವಿಷಯ. ನಮ್ಮ ಸುತ್ತಮುತ್ತ ಸೆಕೆಂಡ್ ಹ್ಯಾಂಡ್ ಕಾರು, ಪಿಕಪ್ ಇಟ್ಕೊಂಡಿರೋರು ಬಹಳ ಜನ ಇದ್ದೀರಿ. ಮೀಟರ್ ಬೋರ್ಡಲ್ಲಿ ಆ ಹಳದಿ ಎಂಜಿನ್ ಗುರುತು ಹತ್ತಿದ ಕೂಡ್ಲೇ ಜೇಬು ಮುಟ್ಟಿ ನೋಡ್ಕೊಳ್ಳೋರೂ ಬಹಳ ಜನ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ, ಕೆಲಸ ಮುಗಿಸ್ಕೊಂಡು ನಿಧಾನಕ್ಕೆ ಓದಿ.

ನಮ್ಮದು 2015ರ ಪೆಟ್ರೋಲ್ ಕಾರು, ಮೂರು ಸಿಲಿಂಡರಿನದು. ಅಮ್ಮನಿಗೆ ಕಣ್ಣಿನ ಹಿಂಭಾಗದ ತೊಂದರೆ, ತಿಂಗಳಿಗೊಂದ್ಸಲ ಇಂಜೆಕ್ಷನ್ ಹಾಕ್ಸೋಕೆ ತುಮಕೂರಿಗೆ ಕರ್ಕೊಂಡು ಹೋಗ್ಬೇಕು. ಎಂಬತ್ತು ದಾಟಿದೋರನ್ನ ಬಸ್ಸಲ್ಲಿ ಹತ್ತಿಸಿ ಇಳಿಸೋ ಹಾಗಿಲ್ಲ. ಹಾಗಾಗಿ ಕಾರು ನಮಗೆ ಶೋಕಿ ಅಲ್ಲ. ಈ ಸಲ ಇಂಜೆಕ್ಷನ್ನಿಗೆ ಇನ್ನು ಹತ್ತು ದಿನ ಇದೆ ಅನ್ನುವಾಗ ಗಾಡಿ ಮಿಸ್ಸಿಂಗ್ ಹೊಡೆಯೋಕೆ ಶುರುವಾಯ್ತು. ಗಡಗಡ ನಡುಗೋದು, ಪಿಕಪ್ ಇರ್ತಿರಲಿಲ್ಲ, ಲೈಟು ಹತ್ತೋದು. ಗ್ಯಾರೇಜಿಗೆ ತೋರ್ಸಿದ್ರೆ ಮೂರು ಕಾಯಿಲ್, ಮೂರು ಪ್ಲಗ್ಗು ಬದಲಾಯಿಸ್ಬೇಕು, ಲೇಬರ್ ಸೇರಿ 9,400 ಅಂದ್ರು. ಅವರು ಮೋಸಕ್ಕೆ ಹೇಳಿದ್ರು ಅಂತ ನಾನು ಹೇಳ್ತಿಲ್ಲ. ಮಿಸ್ಸಿಂಗ್ ಅಂದ್ರೆ ಮೊದಲು ಎಲ್ಲರೂ ಹೋಗೋದು ಅಲ್ಲಿಗೇ. ಎರಡು ದಿನ ಟೈಮ್ ಕೇಳಿ ಗಾಡಿ ಮನೆಗೆ ತಂದೆ.

ನನ್ನ ಹತ್ರ ಒಂದು ಡಬ್ಬಿ ಇದೆ, ನಮ್ಮಕ್ಕನ ಮಗ ಬೆಂಗಳೂರಿಂದ ತಂದುಕೊಟ್ಟಿದ್ದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇಎಲ್‌ಎಂ 327 ಅಂತಾರೆ, ಆನ್‌ಲೈನಲ್ಲಿ ಸಾವಿರದ ಒಳಗೂ ಸಿಗುತ್ತೆ. ಸ್ಟೇರಿಂಗ್ ಕೆಳಗೆ, ಮೊಣಕಾಲು ತಾಗೋ ಜಾಗದಲ್ಲಿ ಕೈ ಹಾಕಿ ತಡಕಾಡಿದ್ರೆ 16 ಪಿನ್ನಿನ ಒಂದು ಸಾಕೆಟ್ ಸಿಗುತ್ತೆ, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಅದಕ್ಕೆ ಓಬಿಡಿ ಪೋರ್ಟ್ ಅಂತ ಹೆಸರು. ಅಮೆರಿಕದಲ್ಲಿ 1996ರಿಂದ ಎಲ್ಲಾ ಹೊಸ ಕಾರಿಗೂ ಇದು ಕಡ್ಡಾಯ. ನಮ್ಮಲ್ಲಿ 2013ರ ಆಚೆಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತೆ. ಡಬ್ಬಿ ಸಿಗಿಸಿ, ಕೀ ಆನ್ ಮಾಡಿ, ಮೊಬೈಲ್ ಬ್ಲೂಟೂತಲ್ಲಿ ಹುಡುಕಿ. ಪಾಸ್‌ವರ್ಡ್ ಕೇಳಿದ್ರೆ 1234, ಇಲ್ಲಾಂದ್ರೆ 0000. ಆಮೇಲೆ ಟಾರ್ಕ್, ಕಾರ್ ಸ್ಕ್ಯಾನರ್ ಅಂತ ಆಪ್‌ಗಳಿವೆ, ಯಾವುದಾದ್ರೂ ಆಗುತ್ತೆ. ಕೆಲಸ ಆದ್ಮೇಲೆ ಡಬ್ಬಿ ಕಿತ್ತಿಡಿ. ಆ ಸಾಕೆಟ್ಟಿಗೆ ಕೀ ಆಫ್ ಆಗಿದ್ರೂ ಬ್ಯಾಟರಿ ಕರೆಂಟ್ ಬರ್ತಾನೇ ಇರುತ್ತೆ, ಹದಿನೈದು ದಿನ ಗಾಡಿ ನಿಲ್ಲಿಸಿದ್ರೆ ಬ್ಯಾಟರಿ ಇಳಿದುಹೋಗ್ಬಹುದು.

ನಮ್ಮ ಗಾಡೀಲಿ ಬಂದ ಕೋಡು ಪಿ0303. ಮೊದಲಿನ ಪಿ ಅಂದ್ರೆ ಎಂಜಿನ್-ಗೇರ್ ಕಡೆಯದು. ಅದರ ಮುಂದೆ ಸೊನ್ನೆ ಇದ್ರೆ ಎಲ್ಲಾ ಕಂಪನಿಗೂ ಒಂದೇ ಅರ್ಥ, 1 ಇದ್ರೆ ಆಯಾ ಕಂಪನಿಯೇ ಇಟ್ಕೊಂಡಿದ್ದು. ಆಮೇಲಿನ 3 ಅಂದ್ರೆ ಮಿಸ್‌ಫೈರ್ ಕಡೆಯದು, ಕೊನೆಯ 03 ಅಂದ್ರೆ ಮೂರನೇ ಸಿಲಿಂಡರ್. ಒಟ್ಟು, ಮೂರನೇ ಸಿಲಿಂಡರಲ್ಲಿ ಸರಿಯಾಗಿ ಉರೀತಿಲ್ಲ ಅಂತ. ಅಷ್ಟೇ. ಯಾಕೆ ಉರೀತಿಲ್ಲ ಅಂತ ಡಬ್ಬಿ ಹೇಳೋದಿಲ್ಲ.

ಇಲ್ಲೇ ನೋಡಿ ಜನ ಜಾರೋದು. ಕೋಡು ಬಂತು, ಯೂಟ್ಯೂಬ್ ನೋಡಿದ್ರು, ಕಾಯಿಲ್ ತಂದು ಹಾಕಿದ್ರು. ತೆಂಗಿನ ಗರಿ ಒಣಗಿದೆ ಅಂತ ಫೋಟೋ ಕಳಿಸಿ ಅಂಗಡಿಯವನ ಹತ್ರ ಔಷಧಿ ಬರೆಸ್ಕೊಂಡ ಹಾಗೆ ಇದು. ಗರಿ ಕಪ್ಪುತಲೆ ಹುಳಕ್ಕೂ ಒಣಗುತ್ತೆ, ನೀರಿಲ್ಲದಿದ್ರೂ ಒಣಗುತ್ತೆ, ಅಣಬೆ ರೋಗ ಬಂದು ಬೇರು ಕೊಳೆತ್ರೂ ಒಣಗುತ್ತೆ. ಗರಿ ತಿರುಗಿಸಿ ನೋಡ್ಬೇಕು, ಬುಡದಲ್ಲಿ ಕಂದು ರಸ ಸೋರಿದೆಯಾ ನೋಡ್ಬೇಕು. ಮಿಸ್‌ಫೈರೂ ಹಂಗೇ. ಕಿಡಿ ಬರದಿದ್ರೆ, ಪೆಟ್ರೋಲ್ ಬರದಿದ್ರೆ, ಕಂಪ್ರೆಷನ್ ಇಲ್ಲದಿದ್ರೆ, ಮೂರಕ್ಕೂ ಬರೋದು ಅದೇ ಕೋಡು.

ಆಪ್‌ನಲ್ಲಿ ಫ್ರೀಜ್ ಫ್ರೇಮ್ ಅಂತ ಒಂದು ಜಾಗ ಇದೆ. ಕೋಡು ಬಿದ್ದ ಗಳಿಗೇಲಿ ಗಾಡಿ ಹೆಂಗಿತ್ತು ಅಂತ ಅಲ್ಲಿ ಬರ್ಕೊಂಡಿರುತ್ತೆ. ಬಹಳ ಜನ ಇದನ್ನ ತೆಗೆದೇ ನೋಡೋದಿಲ್ಲ. ನಮ್ಮದರಲ್ಲಿ ವೇಗ 14 ಕಿಲೋಮೀಟರ್, ಎಂಜಿನ್ ಬಿಸಿ 88 ಡಿಗ್ರಿ ಇತ್ತು. ಟಾರ್ ರೋಡಲ್ಲಿ ನಾನು ಹದಿನಾಲ್ಕರಲ್ಲಿ ಹೋಗೋದಿಲ್ಲ. ಅದು ಊರಿಂದ ವಾಪಸ್ ಬರುವಾಗ ನಮ್ಮ ತೋಟದ ದಾರಿ, ಬದುವಿನ ಪಕ್ಕದ ಆ ಕೊರಕಲು. ನೆನಪು ಮಾಡ್ಕೊಂಡ್ರೆ ಗಾಡಿ ನಡುಗಿದ್ದೂ ಯಾವಾಗಲೂ ಅಲ್ಲೇ.

ಮಾರನೇ ದಿನ ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಕೀ ತೆಗೆದು, ಮೂರನೇ ಕಾಯಿಲ್ ಬಿಚ್ಚಿ ಎರಡಕ್ಕೆ ಹಾಕಿ, ಎರಡರದ್ದು ಮೂರಕ್ಕೆ ಹಾಕ್ದೆ. ನಮ್ಮ ಗಾಡೀಲಿ ಒಂದೊಂದಕ್ಕೂ 10 ನಂಬರಿನ ಒಂದೇ ಬೋಲ್ಟು, ಕಷ್ಟ ಏನಿಲ್ಲ. ಕನೆಕ್ಟರಿನ ಲಾಕು ಮಾತ್ರ ಹಳೇ ಪ್ಲಾಸ್ಟಿಕ್ಕು, ಎಳೆದಾಡಿದ್ರೆ ಮುರಿಯುತ್ತೆ. ಆಮೇಲೆ ಕೋಡು ಅಳಿಸಿ ಅದೇ ಕೊರಕಲಲ್ಲಿ ಎರಡು ಸಲ ಓಡಾಡ್ದೆ. ಕಾಯಿಲ್ ಕೆಟ್ಟಿದ್ರೆ ಈಗ ಪಿ0302 ಬರಬೇಕು, ಯಾಕಂದ್ರೆ ಅದು ಎರಡಕ್ಕೆ ಹೋಗಿದೆ. ಬಂದಿದ್ದು ಮತ್ತೆ 0303. ಪ್ಲಗ್ಗೂ ಹಂಗೇ ಅದಲು ಬದಲು ಮಾಡ್ದೆ. ಮತ್ತೆ 0303. ಅಂದ್ರೆ ಗ್ಯಾರೇಜಿನವರು ಹೇಳಿದ ಎರಡೂ ಸಾಮಾನು ಚೆನ್ನಾಗೇ ಇತ್ತು.

ಕುಲುಕಾಟಕ್ಕೆ ಮಾತ್ರ ಬರೋ ರೋಗ ಅಂದ್ರೆ ವೈರಿನ ಮೇಲೆ ಅನುಮಾನ ಪಡ್ಬೇಕು. ಟಾರ್ಚ್ ಹಿಡಿದು ಮೂರನೇ ಇಂಜೆಕ್ಟರಿನ ವೈರು ಹಿಡ್ಕೊಂಡು ಹಿಂದಕ್ಕೆ ಹೋದ್ರೆ, ಕ್ಲಿಪ್ಪಿನ ಹಿಂದೆ ಇಲಿ ಕಡಿದಿದೆ! ಪ್ಲಾಸ್ಟಿಕ್ ಸಿಪ್ಪೆ ಪೂರ್ತಿ ಹೋಗಿ ಒಳಗೆ ಎರಡೋ ಮೂರೋ ಎಳೆ ಮಾತ್ರ ಉಳಿದಿತ್ತು. ಗಾಡಿ ಕುಲುಕಿದಾಗ ಬಿಡೋದು, ನಿಂತಾಗ ಅಂಟೋದು. ನಮ್ಮ ಶೆಡ್ಡು ಕೊಬ್ಬರಿ ಅಟ್ಟದ ಪಕ್ಕ, ಇಲಿಗೇನು ಬರ. ಮೋಟಾರ್ ವೈಂಡಿಂಗ್ ಮಾಡೋ ಹುಡುಗನ್ನ ಕರೆಸಿ ಬೆಸುಗೆ ಹಾಕ್ಸಿ, ಬಿಸಿಗೆ ಮುದುರೋ ಸ್ಲೀವ್ ಹಾಕ್ಸಿದೆ. 300 ರೂಪಾಯಿ, ಮೇಲೆ ಕಾಫಿ. ಬರೀ ಟೇಪ್ ಸುತ್ತಬೇಡಿ, ಎಂಜಿನ್ ಬಿಸಿಗೆ ಅಂಟು ಬಿಟ್ಕೊಳ್ಳುತ್ತೆ. ಅಮ್ಮನ್ನ ಹೇಳಿದ ದಿನಕ್ಕೇ ಕರ್ಕೊಂಡು ಹೋಗಿ ಬಂದೆ.

ಒಂದು ಎಚ್ಚರಿಕೆ. ಆ ಹಳದಿ ಲೈಟು ಸುಮ್ನೆ ಹತ್ತಿದ್ರೆ ಮನೆವರೆಗೆ ನಿಧಾನಕ್ಕೆ ಬರಬಹುದು. ಆದ್ರೆ ಪಿಳಿಪಿಳಿ ಅಂತಿದ್ರೆ ಪಕ್ಕಕ್ಕೆ ನಿಲ್ಲಿಸಿ. ಉರಿಯದ ಪೆಟ್ರೋಲು ಹಾಗೇ ಹೊರಗೆ ಹೋಗಿ ಸೈಲೆನ್ಸರ್ ದಾರೀಲಿರೋ ಕ್ಯಾಟಲಿಟಿಕ್ ಕನ್ವರ್ಟರನ್ನ ಸುಡುತ್ತೆ, ಅದರ ಬೆಲೆ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಕೆಂಪು ಆಯಿಲ್ ಲೈಟು ಹತ್ತಿದ್ರಂತೂ ಡಬ್ಬಿ ಗಿಬ್ಬಿ ಹುಡುಕ್ಕೊಂಡು ಕೂರಬೇಡಿ, ತಕ್ಷಣ ಎಂಜಿನ್ ಆಫ್ ಮಾಡಿ.

ಇನ್ನೊಂದು ವಿಷಯ ಬರೀಬೇಕೋ ಬೇಡ್ವೋ ಅಂತ ಯೋಚಿಸ್ದೆ, ಬರೀತೀನಿ, ಹೆಸರು ಬೇಡ. ನನ್ನ ಗಾಡಿ ಸರಿಯಾದ ಸುದ್ದಿ ತಿಳಿದು ಬೇಕಾದೋರೊಬ್ರು ಬಂದ್ರು. "ಅಣ್ಣಾ, ನಾಳೆ ನನ್ ಕಾರು ನೋಡೋಕೆ ಗಿರಾಕಿ ಬರ್ತಾವ್ನೆ. ಆ ಲೈಟು ಒಂದು ಆರಿಸ್ಕೊಡು" ಅಂದ್ರು. ಓದಿ ನೋಡ್ದೆ, ಮೂರು ಕೋಡು ಇತ್ತು. ಒಂದು ಬಟನ್ ಒತ್ತಿದ್ರೆ ಆರುತ್ತೆ, ಎರಡು ದಿನ ಬಿಟ್ಟು ಮತ್ತೆ ಹತ್ತುತ್ತೆ, ಅಷ್ಟೊತ್ತಿಗೆ ದುಡ್ಡು ಕೈ ಬದಲಾಗಿರುತ್ತೆ. "ಏನೇನಿದೆ ಅಂತ ಬರೆದುಕೊಡ್ತೀನಿ ಕಣಪ್ಪ, ಗಿರಾಕಿಗೆ ತೋರಿಸು, ಅಳಿಸೋದು ಬೇಡ" ಅಂದೆ. ಅವರು ಚೀಟಿ ಇಸ್ಕೊಳ್ಳಲಿಲ್ಲ. ಡೈರಿ ಹತ್ರ ಸಿಕ್ಕಿದ್ರೆ ಈಗ ಮುಖ ತಿರುಗಿಸ್ತಾರೆ. ಅವರ ಮನೆ ಕಷ್ಟ ನನಗೂ ಗೊತ್ತು. ಆದ್ರೆ ಕೊಳ್ಳೋಕೆ ಬಂದೋನೂ ನಮ್ಮಂಥ ರೈತನೇ, ಅವನೂ ಸಾಲ ಮಾಡೇ ತಂದಿರ್ತಾನೆ.

ಹಳೇ ಕಾರು ಕೊಳ್ಳೋರು ಹಿಂಗೆ ಮಾಡಿ. ಕೀ ಆನ್ ಮಾಡಿದಾಗ ಎಂಜಿನ್ ಲೈಟು ಒಂದ್ಸಲ ಹತ್ತಬೇಕು, ಸ್ಟಾರ್ಟ್ ಆದ್ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಬಲ್ಬು ಹೋಗಿದೆಯೋ, ಕಿತ್ತಿದ್ದಾರೋ ಕೇಳಿ. ಆಮೇಲೆ ಡಬ್ಬಿ ಹಾಕಿ ಆಪ್‌ನಲ್ಲಿ ರೆಡಿನೆಸ್ ಅಂತ ಇರೋ ಕಡೆ ನೋಡಿ. ಗಾಡಿ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಂಡ ಪಟ್ಟಿ ಅದು. ಕೋಡು ಅಳಿಸಿದ್ರೆ ಅಥವಾ ಬ್ಯಾಟರಿ ಬಿಚ್ಚಿದ್ರೆ ಆ ಪಟ್ಟಿಯೂ ಮೊದಲಿಂದ ಶುರುವಾಗುತ್ತೆ, ಪೂರ್ತಿ ಆಗೋಕೆ ಕೆಲವು ದಿನ ಓಡಿಸ್ಬೇಕು. ಸುಮಾರು ಪರೀಕ್ಷೆ "ಆಗಿಲ್ಲ" ಅಂತ ತೋರಿಸಿದ್ರೆ ಇತ್ತೀಚೆಗೆ ಏನೋ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಕೇಳಿ. ಸಮಾಧಾನ ಆಗದಿದ್ರೆ ಒಂದು ವಾರ ಬಿಟ್ಟು ಬರ್ತೀನಿ ಅನ್ನಿ.

ಟ್ರ್ಯಾಕ್ಟರಿಗೆ ಹಾಕ್ಬಹುದಾ ಅಂತ ಹೋದ ಸಲ ಇಬ್ಬರು ಕೇಳಿದ್ರಿ. ಹಳೇ ಪಂಪಿನ ಟ್ರ್ಯಾಕ್ಟರಿಗೆ ಓದೋಕೆ ಕಂಪ್ಯೂಟರೇ ಇಲ್ಲ. 2023ರಿಂದ ಬಂದ 50 ಎಚ್‌ಪಿ ಮೇಲಿನ ಹೊಸ ನಿಯಮದ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ಸ್ ಇದೆ, ಆದ್ರೆ ಈ ಡಬ್ಬಿ ಕಾರಿನ ಲೆಕ್ಕಕ್ಕೆ ಮಾಡಿದ್ದು. ಕಾರಲ್ಲೂ ಏರ್‌ಬ್ಯಾಗ್, ಎಬಿಎಸ್ ಕೋಡುಗಳನ್ನ ಅಗ್ಗದ ಡಬ್ಬಿ ಸಾಮಾನ್ಯವಾಗಿ ಓದೋದಿಲ್ಲ.

ಓದಿಸ್ಬೇಕು ಅನ್ನೋರು ಭಾನುವಾರ ಬೆಳಿಗ್ಗೆ ಹತ್ತರೊಳಗೆ ಬನ್ನಿ, ಆಮೇಲೆ ನಾನು ತೋಟದಲ್ಲಿರ್ತೀನಿ. ಲೈಟು ಯಾವ ದಾರೀಲಿ, ಎಷ್ಟು ಸ್ಪೀಡಲ್ಲಿ ಹತ್ತಿತು ಅಂತ ನೆನಪಿಟ್ಕೊಂಡು ಬನ್ನಿ. ಬರೋಕೆ ಮುಂಚೆ ಬ್ಯಾಟರಿ ವೈರು ಬಿಚ್ಚಿ ಹಾಕ್ಬೇಡಿ, ಒಳಗೆ ಬರ್ಕೊಂಡಿದ್ದೆಲ್ಲ ಅಳಿಸಿಹೋದ್ರೆ ನನಗೆ ಓದೋಕೆ ಏನೂ ಇರೋದಿಲ್ಲ.